ಮೊದಲ ಹಿಡಿ

ಅಮ್ಮನ ಹಿಡಿ ಚಿಕ್ಕದು.
ಮುಚ್ಚಿದರೆ ಒಂದು ಟಮೋಟೊ ಗಾತ್ರ,
ಅದೂ ಮೂರನೇ ದರ್ಜೆಯದು,
ಕೋಲಾರದ ಮಂಡಿಯಲ್ಲಿ ದಿನವೆಲ್ಲ ಕೂತು
ಅವಳೇ ಆರಿಸಿ ಬದಿಗೆ ಹಾಕುತ್ತಿದ್ದ ಜಾತಿ.

ಒಲೆ ಹಚ್ಚುವ ಮೊದಲು ಆ ಹಿಡಿ
ಅಕ್ಕಿ ಚೀಲದೊಳಗೆ ಇಳಿದು, ಮೇಲೆದ್ದು,
ಗೂಡಿನ ಡಾಲ್ಡಾ ಡಬ್ಬಿಗೆ ಹೋಗುತ್ತಿತ್ತು.
ಇದು ಆತನದು, ಅನ್ನುವಳು.
ಮಿಕ್ಕಿದ್ದು ನಮ್ಮದು.
ಮಿಕ್ಕಿದ್ದರೆ.

ಅಪ್ಪ ಲೋಡು ಲಾರಿಯಿಂದ ಬಿದ್ದು
ಸೊಂಟ ಹಿಡಿದು ಮಲಗಿದ ವರ್ಷ ಅದು.
ಶನಿವಾರ ಮಂಡಿಯಲ್ಲಿ ಮಾಲು ಜಾಸ್ತಿ,
ಕೂಲಿ ಒಂದೂವರೆ ಪಟ್ಟು.
ಮೇಸ್ತ್ರಿ ವೆಂಕಟರವಣಪ್ಪ ಬಾಗಿಲಿಗೇ ಬಂದು ಕೂಗಿದ:
'ಬಾ ಎಸ್ತರಮ್ಮಾ, ನಿಮ್ಮ ಚರ್ಚು ಎಲ್ಲಿಗೂ ಓಡೋಗಲ್ಲ,
ನಾಳೆ ಗುಡಿಸಿದರಾಯ್ತು.'
'ನಾಳೆ ಭಾನುವಾರ ಕಣಣ್ಣ' ಅಂದಳು,
ಬಕೀಟು ಎತ್ತಿಕೊಂಡಳು.

ಇಪ್ಪತ್ತೆರಡು ಬೆಂಚು.
ಒಂದೊಂದರ ಕೆಳಗೂ ಮಂಡಿಯೂರಿ,
ಫಿನಾಯಿಲು ನೀರಲ್ಲಿ ಒರೆಸುತ್ತ ಒರೆಸುತ್ತ
ಹಿಂದೆ ಹಿಂದೆ ಸರಿದು ಬಾಗಿಲಿಗೆ ಬರುವಳು.
ಸಂಬಳವಿಲ್ಲ. ಕೇಳಿದವಳೂ ಅಲ್ಲ.
ನಾನು ಮೆಟ್ಟಿಲ ಮೇಲೆ, ಹಸಿದು, ಸಿಡುಕಿ:
'ದೇವರಿಗೆ ಹೊಟ್ಟೆ ಇದೆಯಾ?
ಆ ಡಬ್ಬಿ ಅಕ್ಕಿ ಯಾತಕ್ಕೆ ಆತನಿಗೆ?'
ಅಮ್ಮ ಒದ್ದೆ ಕೈಯಲ್ಲಿ ಬೆಟ್ಟ ತೋರಿಸಿದಳು.
'ಅಂತರಗಂಗೆ ಬಸವನ ಬಾಯಿ
ಯಾವತ್ತಾದರೂ ಒಣಗಿದ್ದು ನೋಡಿದ್ದೀಯಾ?'
'ಅದು ಅವರ ದೇವರು.'
'ನೀರು ಯಾರದು?'

ಆಮೇಲೆ ಆ ವಾರ ಬಂತು.
ಚೀಲ ಕೊಡವಿದರೆ ಬರೀ ಧೂಳು.
ಡಬ್ಬಿಯಲ್ಲಿ ಮಾತ್ರ ಹನ್ನೊಂದು ಹಿಡಿ,
ನಾನು ಲೆಕ್ಕ ಇಟ್ಟಿದ್ದೆ.
ತಮ್ಮ ದಾವೀದ ಸಂಜೆಯೆಲ್ಲ ಅತ್ತು ನಿದ್ದೆ ಹೋದ.
ನಾನು ಕತ್ತಲಲ್ಲಿ ಗೂಡಿಗೆ ಕೈ ಹಾಕಿದೆ,
ಹಸಿ ಅಕ್ಕಿ ಅಗಿದೆ, ಸದ್ದಾಗದ ಹಾಗೆ.
ಅಮ್ಮನಿಗೆ ತಿಳಿಯಿತು. ಬೈಯಲಿಲ್ಲ, ಹೊಡೆಯಲಿಲ್ಲ.
ಬೆಳಗ್ಗೆ ನೂರುನ್ನೀಸಾಳ ಮನೆಯಿಂದ
ಒಂದು ಹಿಡಿ ಸಾಲ ತಂದು
ಡಬ್ಬಿಗೆ ಸುರಿದಳು.
ನಮಗಲ್ಲ, ಡಬ್ಬಿಗೆ.
ಅವತ್ತು ನಾನು ಅಮ್ಮನನ್ನು ದ್ವೇಷಿಸಿದೆ.
ಇದನ್ನು ಬರೆಯದೆ ಬಿಟ್ಟರೆ
ಉಳಿದದ್ದೆಲ್ಲ ಸುಳ್ಳಾಗುತ್ತದೆ.

ಭಾನುವಾರ ಕಾಣಿಕೆ ಹೊತ್ತಿಗೆ
ಡಬ್ಬಿಯ ಅಕ್ಕಿ ಗೋಣಿಗೆ ಬಿದ್ದ ಸದ್ದು,
ಹೆಂಚಿನ ಮೇಲೆ ಮೊದಲ ನಾಲ್ಕು ಹನಿ ಬಿದ್ದ ಹಾಗೆ.
ಅಷ್ಟೇ. ಮಳೆ ಬರಲಿಲ್ಲ.

ಬುಧವಾರ ಮಬ್ಬುಗತ್ತಲಲ್ಲಿ
ಹಿತ್ತಲ ಬಾಗಿಲಿಗೆ ಅಯ್ಯನವರ ಹೆಂಡತಿ,
ಸೆರಗಿನಡಿ ಒಂದು ಕೈಚೀಲ.
ಮಾತಾಡದೆ ಇಟ್ಟು ಹೋದರು.
ಹೇಳಿದವನು ವೆಂಕಟರವಣಪ್ಪ ಅಂತ
ಎಷ್ಟೋ ವರ್ಷದ ಮೇಲೆ ಗೊತ್ತಾಯಿತು:
'ಆಯಮ್ಮನ ಮನೇಲಿ ಹೊಗೆ ಏಳ್ತಿಲ್ಲ, ಸ್ವಾಮಿ.'

ಚೀಲದಲ್ಲಿ ನಲವತ್ತು ಮನೆಯ ಅಕ್ಕಿ.
ರೇಷನ್ನಿನ ದಪ್ಪಕ್ಕಿ, ಸೋನಾ ಮಸೂರಿ, ನುಚ್ಚು,
ಕುಸುಬಲಕ್ಕಿ, ಯಾರದೋ ಮನೆಯ ಬೇವಿನೆಲೆ,
ದಾರಿ ತಪ್ಪಿದ ನಾಲ್ಕು ರಾಗಿಕಾಳು.
ನಮ್ಮ ಹನ್ನೊಂದು ಹಿಡಿಯೂ ಎಲ್ಲೋ ಅದರೊಳಗೆ.
ಅಮ್ಮ ಚೀಲಕ್ಕೆ ಕೈ ಇಳಿಸಿದಳು.
ಮೇಲೆದ್ದ ಮೊದಲ ಹಿಡಿ
ಗೂಡಿನ ಕಡೆ ಹೊರಟಿತು.
'ಅಮ್ಮಾ, ಅದು ಅಲ್ಲಿಂದಲೇ ಬಂದದ್ದು!'
'ಗೊತ್ತು' ಅಂದಳು. 'ಅದಕ್ಕೇ.'

ನಲವತ್ತು ಮನೆಯ ಅಕ್ಕಿ ಒಂದೇ ಹದಕ್ಕೆ ಬೇಯುವುದಿಲ್ಲ.
ಒಂದು ಮುದ್ದೆಯಾಗುವಾಗ ಇನ್ನೊಂದು
ನಡುವೆ ಗಟ್ಟಿ, ಹಲ್ಲಿಗೆ ಕಟ್ ಅನ್ನುತ್ತದೆ.
ಬರೀ ಉಪ್ಪು ಹಾಕಿ ಉಂಡೆವು.
ಅಪ್ಪ ಗೋಡೆ ಕಡೆ ತಿರುಗಿ ಉಂಡ.
ದಾವೀದ ಇನ್ನೊಂದು ಸಲ ಬಡಿಸಿಕೊಂಡ.

ಈಗ ನನ್ನ ಕುಕ್ಕರಿನಲ್ಲಿ ಒಂದೇ ಜಾತಿಯ ಅಕ್ಕಿ,
ಮೂರು ಕೂಗಿಗೆ ಮಲ್ಲಿಗೆಯಂಥ ಅನ್ನ.
ನನ್ನ ಹಿಡಿ ಅಮ್ಮನದಕ್ಕಿಂತ ದೊಡ್ಡದು.
ಡಬ್ಬಿಯ ಕಡೆ ಒಯ್ಯುವಷ್ಟರಲ್ಲಿ
ಬೆರಳ ಸಂದಿಯಿಂದ ಅರ್ಧ ಉದುರಿರುತ್ತದೆ.
ಬಗ್ಗಿ ಆರಿಸಿಕೊಳ್ಳುತ್ತೇನೆ.
ಅವಳ ಹಿಡಿಯಿಂದ
ಒಂದು ಕಾಳೂ ಉದುರಿದ್ದು ನೆನಪಿಲ್ಲ.