ತೆಗೆದಷ್ಟು ತುಂಬು

ವಿರಾಜಪೇಟೆಯ ನಮ್ಮ ಹಾಸ್ಟೆಲಿನ ಹಿಂದೆ
ತಗಡಿನ ಮಾಡು, ಮಸಿ ಹಿಡಿದ ಒಲೆ,
ಒಲೆಯ ಮೇಲೊಂದು ತಾಮ್ರದ ಹಂಡೆ.
ಗೋಡೆಯ ಮೇಲೆ ಇದ್ದಿಲಲ್ಲಿ
ನಾವು ಬರುವ ಮುಂಚೆಯೇ ಯಾರೋ
ಬರೆದಿಟ್ಟು ಹೋದ ಕಾನೂನು:
ತೆಗೆದಷ್ಟು ತುಂಬು.

ಒಂದು ಬಕೆಟ್ ಬಿಸಿ ತೆಗೆದವಳು
ಒಂದು ಬಕೆಟ್ ತಣ್ಣೀರು ಸುರಿಯಬೇಕು.
ಇದಕ್ಕಿಂತ ಸುಲಭದ ಲೆಕ್ಕ
ಒಂದನೇ ಕ್ಲಾಸಿನಲ್ಲೂ ಇರಲಿಲ್ಲ.

ಆದರೆ ಡಿಸೆಂಬರ್.
ನಲ್ಲಿ ಅಂಗಳದ ಆಚೆ ತುದಿಗೆ,
ಬರಿಗಾಲ ಕೆಳಗೆ ಸಿಲ್ವರ್ ಓಕಿನ ಒದ್ದೆ ಎಲೆ,
ಸಣ್ಣ ಧಾರೆಗೆ ಬಕೆಟ್ ತುಂಬುವಷ್ಟರಲ್ಲಿ
ತೆಗೆದಿಟ್ಟ ಬಿಸಿನೀರೂ ಉಗುರುಬೆಚ್ಚಗೆ.
ನಾನು ರಾತ್ರಿಯೇ ಒಂದು ಚೊಂಬು ನೀರು
ಮಂಚದಡಿಯಲ್ಲಿ ಇಟ್ಟುಕೊಳ್ಳತೊಡಗಿದೆ.
ಬೆಳಿಗ್ಗೆ ಕೈಯೆತ್ತಿ, ಎತ್ತರದಿಂದ, ನಿಧಾನ ಸುರಿದರೆ
ಹಂಡೆಯ ಹೊಟ್ಟೆಯೊಳಗೆ ಅದು
ಬಕೆಟ್ಟಿನಷ್ಟೇ ಸದ್ದು.
ಹಿಂದೆ ನಿಂತವರಿಗೆ ಸದ್ದು ಸಾಕು.
ಈ ವಿದ್ಯೆ ನನಗೆ ಯಾರೂ ಕಲಿಸಿದ್ದಲ್ಲ.

ಅರ್ಥಶಾಸ್ತ್ರದ ಮೇಡಂ ಬೋರ್ಡಿನ ಮೇಲೆ ಬರೆದರು:
ಪ್ರತಿಯೊಬ್ಬರೂ ತಮ್ಮ ತಮ್ಮ ಲಾಭ ನೋಡಿಕೊಂಡರೆ
ಕೊನೆಗೆ ಎಲ್ಲರಿಗೂ ಲಾಭ.
ನಾನು ಅಡಿಗೆರೆ ಎಳೆದುಕೊಂಡೆ. ಎರಡು ಸಲ.

ನನ್ನೊಬ್ಬಳಿಂದ ಏನಾಗುತ್ತೆ ಅಂದುಕೊಂಡೆ.
ಏನೂ ಆಗಲಿಲ್ಲ.
ಹುತ್ತರಿ ರಜೆ ಮುಗಿಸಿ ಬಂದ ಮೇಲೂ
ಹಂಡೆ ದಿನವೂ ಕಂಠದವರೆಗೆ.

ಆಮೇಲೆ ಒಂದು ಗುರುವಾರ
ಸುಟ್ಟ ಲೋಹದ ವಾಸನೆ, ಡೀನಾಳ ಕಿರುಚು.
ಹಂಡೆ ಬತ್ತಿ, ಬೆಸುಗೆ ಬಿಟ್ಟು,
ಉಳಿದ ಒಂದೆರಡು ಚೊಂಬು ನೀರು
ಬೆಂಕಿಯ ಮೇಲೆ ಬಿದ್ದು ಬುಸುಗುಟ್ಟುತ್ತಿತ್ತು.

ದೇಚಮ್ಮ ವಾರ್ಡನ್ ಸಾಲು ನಿಲ್ಲಿಸಿದರು.
ನಾನು ತುಂಬಿದ್ದೆ ಮೇಡಂ.
ನಾನೂ.
ಇಗ್ಗುತ್ತಪ್ಪನಾಣೆ ಅಂದಳು ಬೊಳ್ಳವ್ವ,
ಅಲ್ಲಾನಾಣೆ ಅಂದಳು ರುಖಿಯಾ,
ಡೀನಾ ಕೊರಳ ಶಿಲುಬೆ ಮುಟ್ಟಿದಳು.
ನಲವತ್ತು ಬಕೆಟ್ಟಿನ ಲೆಕ್ಕ ಸಿಕ್ಕಿತು,
ನೀರು ಸಿಗಲಿಲ್ಲ.

ಪೊನ್ನಿ ಇರಬೇಕು, ಅವಳೇ ಅಲ್ಲವಾ ಕೊನೆಯವಳು,
ಅಂತ ಹಿಂದಿನಿಂದ ಒಂದು ದನಿ.
(ನನ್ನದೇ ಇರಬಹುದು. ನೆನಪಿಲ್ಲ ಅನ್ನುತ್ತೇನೆ.)
ಅಡುಗೆಯವಳು ಸೌಟು ಹಿಡಿದೇ ಹೊರಬಂದಳು:
ಪೊನ್ನಿ ಸಿದ್ದಾಪುರದ ಲೈನ್ ಮನೆಗೆ ಹೋಗಿ ನಾಲ್ಕು ದಿನವಾಯ್ತು,
ಅವಳಮ್ಮನ ತೋಳು ಉಳುಕಿದೆ,
ಬದಲಿಗೆ ಕಾಫಿ ಕುಯ್ಯಲು ಹೋಗಿದ್ದಾಳೆ.

ನಾಲ್ಕು ದಿನ.
ಎಲ್ಲರ ಕಣ್ಣೂ ಒಟ್ಟಿಗೆ ನೆಲಕ್ಕೆ.
ಮಂಚದಡಿಯ ಚೊಂಬು
ನನ್ನೊಬ್ಬಳದಲ್ಲ ಎಂದು ಆಗ ತಿಳಿಯಿತು.

ತಲೆಗೆ ಮೂವತ್ತು ರೂಪಾಯಿ ದಂಡ.
ಭಾನುವಾರ ಬಂದ ಪೊನ್ನಿಯೂ ಕೊಟ್ಟಳು,
ಕುಯ್ದ ಕೂಲಿಯಿಂದ ಬಿಡಿಸಿ,
ಹಾಸ್ಟೆಲ್ ಅಂದಮೇಲೆ ಎಲ್ಲರೂ ಅಂದರು ವಾರ್ಡನ್.

ಫೀಸಿನ ರಿಯಾಯಿತಿಗೆ ಅಡುಗೆಮನೆಯಲ್ಲಿ
ಬೆಳಗಿನ ಜಾವಕ್ಕೇ ರೊಟ್ಟಿ ತಟ್ಟುವವಳು ಅವಳು.
ಹಿಟ್ಟಿನ ಕೈಯ ಎದುರು ನಿಂತು ಕೇಳಿದೆ:
ದಿನಾ ನೀನೇ ತುಂಬ್ತಿದ್ದೆಯಾ?

ಮತ್ತೆ? ಆರು ಬಕೆಟ್, ಕೆಲವು ಸಲ ಹತ್ತು.
ಒಳ್ಳೇವಳು ಅಂದ್ಕೊಂಡ್ಯಾ, ಅಂತ ನಕ್ಕಳು.
ಎಲ್ಲಾರ್ದೂ ಆದ ಮೇಲೆ ಮೀಯೋಳು ನಾನು.
ನಂಗೂ ಬಿಸಿನೀರು ಬೇಕಲ್ಲ.

ಕಾವಲಿಯ ಮೇಲೆ ರೊಟ್ಟಿ ಮಗುಚಿ,
ನನ್ನ ಕಡೆ ನೋಡದೆ:
ಚೊಂಬಿನ ಸದ್ದು ತೆಳ್ಳಗೆ, ಉದ್ದಕ್ಕೆ.
ಬಕೆಟ್ಟು ಒಮ್ಮೆ ಗುಡುಗಿ ಸುಮ್ಮನಾಗ್ತದೆ.
ಇಲ್ಲಿಗೆ ಎಲ್ಲಾ ಕೇಳ್ತದೆ.

ಹಂಡೆ ರಿಪೇರಿಯಾಗಿ ಬಂತು,
ತಳದ ಸುತ್ತ ಬಿಳಿಯ ಗಾಯದ ಗೆರೆ.
ಗೋಡೆಯ ಕಾನೂನನ್ನು ಯಾರೂ ತಿದ್ದಿ ಬರೆಯಲಿಲ್ಲ.

ಈಗ ಅಂಗಳ ದಾಟಿ ಹೋಗುತ್ತೇನೆ,
ಮಂಜಿನಲ್ಲಿ ನಲ್ಲಿಯ ಮುಂದೆ ಕಾಯುತ್ತೇನೆ,
ತುಂಬಿದ ಬಕೆಟ್ ಎದೆಯವರೆಗೆ ಎತ್ತಿ
ಒಮ್ಮೆಗೇ ಸುರಿಯುತ್ತೇನೆ.
ಒಳ್ಳೆಯವಳಾದೆ ಎಂದಲ್ಲ.

ಅಡುಗೆಮನೆಯ ಕಿಟಕಿ ತೆರೆದಿರುತ್ತದೆ.
ರೊಟ್ಟಿ ತಟ್ಟುವ ಸದ್ದು
ಒಂದು ಕ್ಷಣ ನಿಲ್ಲುತ್ತದೆ,
ಮತ್ತೆ ಶುರುವಾಗುತ್ತದೆ.