ಚೂರು ಹಾರಿದ ದೂರ

ಎಂಜಿನ್ ಸತ್ತಿತ್ತು ಅಂತ ಬರೆಸಿದರು ಬೆಳ್ಳಿಯಪ್ಪನವರು,
ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು, ಗೋಣಿಕೊಪ್ಪದ ಆಸ್ಪತ್ರೆಯಲ್ಲಿ
ದಿಂಬಿಗೊರಗಿ ಕೂತು.
ನಾನು ಬಾಗಿಲ ಹತ್ತಿರ, ಕೈಯಲ್ಲಿ ಕಿತ್ತಳೆಯ ಚೀಲ.
ಆ ಎಂಜಿನ್ನಿಗೆ ಪ್ಲಗ್ ಹಾಕಿದವನು ನಾನೇ.

ಟಿಲ್ಲರು, ಪಂಪ್‌ಸೆಟ್ಟು, ಪಲ್ಪರು ನೋಡುವ ಮೊಯ್ದುವಿನ ಕೈಗೆ
ವಿಮಾನ ಕೊಟ್ಟರಂತೆ ಎಂದು ಪೊನ್ನಂಪೇಟೆ ನಕ್ಕಿತ್ತು.
ವಿಮಾನವೇನು, ಮೂರು ಚಕ್ರ, ಬಟ್ಟೆಯ ರೆಕ್ಕೆ,
ಎರಡು ಸೀಟು, ಮೂತಿಯಲ್ಲಿ ಮರದ ಪಂಕ.
ನಿಲ್ದಾಣವೇನು, ಹುತ್ತರಿ ಕಳೆದು ಕೊಯ್ದ ಗದ್ದೆ,
ಬದು ಕಡಿದು ರೋಲರ್ ಎಳೆದದ್ದು;
ಕಂಬಕ್ಕೆ ಗಾಳಿಚೀಲ, ನನ್ನದೇ ಹಳೇ ಲುಂಗಿ;
ಕೊನೆಯಲ್ಲಿ ಸಿಲ್ವರ್ ಓಕಿನ ಸಾಲು,
ಮೈತುಂಬ ಮೆಣಸಿನ ಬಳ್ಳಿ ಹೊದ್ದು ನಿಂತದ್ದು.

ಮೊದಲೂ ಬಿದ್ದಿದ್ದೆವು.
ಒಮ್ಮೆ ಮುಂದಿನ ಚಕ್ರ ಏಡಿಯ ಬಿಲಕ್ಕೆ ಇಳಿದು,
ಒಮ್ಮೆ ಅಡ್ಡಗಾಳಿಗೆ ರೆಕ್ಕೆಯ ತುದಿ ಬೇಲಿಗೆ ಸಿಕ್ಕಿ.
ಗೋಣಿ ಹೊಲಿಯುವ ದಬ್ಬಣ ತಂದೆ. ಅವತ್ತು ಇಬ್ಬರೂ ನಕ್ಕೆವು.
ಎಲ್ಲ ಆಗುವುದು ಇಳಿಯುವಾಗಲೇ.
ಮೇಲೆ ಏನೂ ಇಲ್ಲ, ತಾಗುವುದಕ್ಕೆ.

ಅವರೇ ಹೇಳಿಕೊಟ್ಟದ್ದು:
"ಮನಸ್ಸು ಒಪ್ಪದಿದ್ದರೆ ಇಳಿಯಬೇಡ ಮೊಯ್ದು,
ಎಂಜಿನ್ ಪೂರ್ತಿ ಕೊಡು, ಇನ್ನೊಂದು ಸುತ್ತು ಹೊಡಿ.
ಗೋ-ಅರೌಂಡ್. ಇದರಲ್ಲಿ ನಾಚಿಕೆಯೇನಿಲ್ಲ,
ಹೊಸ್ತಿಲವರೆಗೆ ಬಂದು ವಾಪಸ್ ಹೋದ ಹಾಗೆ, ಅಷ್ಟೇ.
ಹೊಸ್ತಿಲ ಮೇಲೆ ನಿಂತು ಯೋಚಿಸಬಾರದು, ನೋಡು."

ಹೂಮಳೆ ಬಿದ್ದು ಒಂಬತ್ತನೇ ದಿನ.
ಊರಿಗೆ ಊರೇ ಬೆಳ್ಳಗೆ ಅರಳಿದ್ದನ್ನು
ಮೇಲಿಂದ ನೋಡಿಬರಲು ಹೋದವರು
ಗಾಳಿ ತಿರುಗಿದ್ದನ್ನು ನೋಡಲಿಲ್ಲ.
ಲುಂಗಿ ಹೇಳುತ್ತಲೇ ಇತ್ತು.

ಬೆನ್ನಿಗೆ ಗಾಳಿ, ಅರ್ಧ ಗದ್ದೆ ತೇಲಿಕೊಂಡೇ ಮುಗಿಯಿತಂತೆ.
ಹುಲ್ಲು ಹೊರುತ್ತಿದ್ದ ಎರವರ ಬೊಳ್ಳಿ ಕಂಡವಳು:
"ಒಂದ್ಸಲ ಮುಟ್ತು, ಎಗರ್ತು. ಇನ್ನೊಂದ್ಸಲ ಮುಟ್ತು.
ಸುಮ್ನೆ ಇತ್ತು ಒಂಚೂರು.
ಆಮೇಲೆ ಕೂಗ್ತು ನೋಡು, ಅಮ್ಮಾ!"
ಅವಳನ್ನು ಯಾರೂ ಕೇಳಲಿಲ್ಲ.
ಕೇಳಿದ್ದು ನಾನು; ಅದೂ ಎಲೆ ಅಡಿಕೆ ಕೊಟ್ಟು, ಆಚೆ ಈಚೆ ನೋಡಿ.

ಸುಮ್ಮನೆ ನಿಂತಿದ್ದ ಪಂಕ ಬಿದ್ದಲ್ಲೇ ಮುರಿಯುತ್ತದೆ,
ಒಂದು ಎಲೆ, ಕಬ್ಬು ಮುರಿದ ಹಾಗೆ.
ತಿರುಗುತ್ತಿದ್ದದ್ದು ಚೂರಾಗಿ ಹಾರುತ್ತದೆ.

ಹೂ ಬಿಟ್ಟ ತೋಟಕ್ಕೆ ಕಾಲಿಡಬಾರದು, ಗೊತ್ತು.
ಆದರೂ ನುಗ್ಗಿದೆ, ಗಿಡ ತಾಗದಂತೆ, ಕಳ್ಳನ ಹಾಗೆ ಬಗ್ಗಿ.
ಜೇನು ತಲೆಯ ಸುತ್ತ.
ಬಿಳಿ ಹೂವಿನ ನಡುವೆ ಬಿಳಿ ಮರದ ಸೀಳು ಹುಡುಕುವುದು ಅಂದರೆ
ಅಕ್ಕಿಯಲ್ಲಿ ನುಚ್ಚು ಆರಿಸಿದ ಹಾಗೆ.
ಬೆರಳುದ್ದದ್ದೊಂದು ಸಿಕ್ಕಿತು. ಮತ್ತೆ ಎರಡು.
ಕೊನೆಯದು ಕಿತ್ತಳೆ ಗಿಡದ ಬುಡದಲ್ಲಿ.
ವಿಮಾನದಿಂದ ನಲವತ್ತೊಂದು ಹೆಜ್ಜೆ,
ಎರಡು ಸಲ ಎಣಿಸಿದೆ.
ಪ್ಲಗ್ಗಿನ ಬಾಯಿ ಬಿಸ್ಕೆಟ್ ಬಣ್ಣ. ಕೇಬಲ್ಲು ಕೊನೆಯವರೆಗೂ ಎಳೆದಿದೆ.
ಎಂಜಿನ್ ಬದುಕಿತ್ತು ಸ್ವಾಮೀ. ಕರೆದಾಗ ಓ ಎಂದಿತ್ತು.
ಕರೆದದ್ದೇ ತಡ.

ಕಾಗದ ನನ್ನ ಶೆಡ್ಡಿಗೂ ಬಂತು, ಸಹಿಗೆ.
'ಎಂಜಿನ್ ಸ್ಥಿತಿ' ಎಂಬ ಗೆರೆಯ ಮುಂದೆ
ನಡುಮಧ್ಯಾಹ್ನದಿಂದ ಅಸರ್ ಬಾಂಗಿನವರೆಗೆ ಕೂತೆ.
ಓಡುತ್ತಿತ್ತು, ಅಂತ ಬರೆದೆ.
ಕೈ ತಡವಾಯಿತು, ಅಂತ ಬರೆದೆ.
ಎರಡನೆಯದನ್ನು ಹೊಡೆದುಹಾಕಿದೆ,
ಒತ್ತಿ, ಹಾಳೆ ಹರಿಯುವಷ್ಟು.

ಎಂಟು ದಿನ ಕಳೆದು, ರಾತ್ರಿ, ಫೋನು.
ಬೈಯುತ್ತಾರೆಂದು ಕಾದೆ.
"ಮೊಯ್ದು, ಎಲ್ಲಿ ಕೊಡಬೇಕಿತ್ತು?"
"ಆ ಏಡಿ ಬಿಲದ ಹತ್ತಿರ."
"ಅಷ್ಟು ಮೊದಲೇ?"
"ಅಷ್ಟು ಮೊದಲೇ."
ಹ್ಞೂಂ ಅಂದರು. ಇಡಲಿಲ್ಲ.
ಅವರ ನಾಯಿ ನೀರು ಕುಡಿಯುವುದು ಕೇಳುತ್ತಿತ್ತು.