ನಡುಗೋಡೆಯ ಕಿಂಡಿ

ಗಿರ್ವನ್ ಬಂದರಿನ ಎದುರು, ಒಂದೇ ಸೂರಿನ ಕೆಳಗೆ
ಎರಡು ಬಾಗಿಲು.
ಎಡಕ್ಕೆ ಹೊಕ್ಕರೆ ಎಟ್ಟೊರೆ: ಕುದಿವ ಕೊಬ್ಬು, ಹಿಟ್ಟು ಮೆತ್ತಿದ ಹ್ಯಾಡಕ್ ಮೀನು,
ಬೆರಳುದ್ದ ಸೀಳಿದ ಆಲೂಗಡ್ಡೆ, ವಿನೆಗರಿನ ಘಾಟು.
ಬಲಕ್ಕೆ ಅವನ ತಂಗಿ ನೊರೀನಾ:
ಇಸ್ತ್ರಿ ಮುರಿಯದ ಬಿಳಿ ಮೇಲಂಗಿ, ಒಂಬತ್ತು ಬಗೆಯ ಐಸ್‌ಕ್ರೀಮು.
ನಡುವೆ ಗೋಡೆ. ಗೋಡೆಯಲ್ಲಿ ಕಿಂಡಿ.
ಕಿಂಡಿಯಲ್ಲಿ, ಆ ಬೇಸಿಗೆ, ಹದಿನೈದರ ನಾನು.

ಅರವತ್ತು ದಾಟಿದವರು, ಚಿಕ್ಕ ಮಕ್ಕಳ ಹಾಗೆ
ಠೂ ಬಿಟ್ಟು ಹನ್ನೊಂದು ವರ್ಷ.
ಅಪ್ಪ ಇಟಲಿಯಿಂದ ತಂದ ಗಡಿಯಾರಕ್ಕಂತೆ ಜಗಳ.
ಅಲ್ಲವೇ ಅಲ್ಲ, ಬೋರ್ಡಿನ ಮೇಲೆ ಯಾರ ಹೆಸರು ಮೊದಲು ಅನ್ನುವುದಕ್ಕೆ,
ಎಂದು ಪೋಸ್ಟ್ ಆಫೀಸಿನ ಮಿಸೆಸ್ ಮಕ್‌ಕ್ರಿಂಡಲ್.
ಕೇಳಿದರೆ ಇಬ್ಬರೂ
ಒಂದೇ ತರ ಮೂಗು ಒರೆಸಿಕೊಳ್ಳುತ್ತಿದ್ದರು.

"ಅವಳಿಗೆ ಹೇಳು, ಚಿಲ್ಲರೆ ಬೇಕು."
"ಅವನಿಗೆ ಹೇಳು, ಮೊದಲು ನಿನ್ನೆಯದು ಕೊಡಲಿ."
"ಹೇಳು, ಕೊಟ್ಟಾಯಿತು."
"ಹೇಳು, ಸುಳ್ಳು."
ಇದ್ದದ್ದು ಮೂರು ಮೊಳ ದೂರ. ಇಬ್ಬರ ಕಿವಿಯೂ ಚುರುಕು.
ಆದರೂ ಒಂದೊಂದು ಮಾತನ್ನೂ ನಾನು ಮತ್ತೆ ಆಡಬೇಕು,
ಇಲ್ಲದಿದ್ದರೆ ಅದು ಆಡಿದ ಲೆಕ್ಕಕ್ಕಿಲ್ಲ.
ಕೆಲವನ್ನು ದಾರಿಯಲ್ಲೇ ತುಸು ತಿದ್ದುತ್ತಿದ್ದೆ,
ಒಂದು 'ದಯವಿಟ್ಟು' ಸೇರಿಸಿ.
ಆಗ ಎರಡೂ ಕಡೆಯಿಂದ ಅನುಮಾನದ ನೋಟ.

ಜುಲೈ, ಗ್ಲಾಸ್ಗೋದವರ ರಜೆ. ಸಾಲು ದೋಣಿಕೊಳದವರೆಗೆ.
ಕಡಲಲ್ಲಿ ಐಲ್ಸಾ ಕ್ರೇಗ್ ದ್ವೀಪ,
ಸೌಟಿನಿಂದ ಆಗಷ್ಟೇ ಕವುಚಿದ ಉಂಡೆ.
ಅವಸರ. ಜಾಲರಿ ಜಾರಿತು.
ಎಟ್ಟೊರೆ ಕಿರುಚಲಿಲ್ಲ. ಅಂದದ್ದು ಇಷ್ಟೇ,
ಹಾಲಿನ ನೊರೆಯಷ್ಟು ಮೆತ್ತಗೆ:
"ನೊರಿ."

ಅಂಗಡಿಯಲ್ಲಿ ಯಾರೂ ಕೇಳದ ಹೆಸರು.
ದಾಟಿಸಲು ಬಾಯಿ ತೆರೆದೆ,
ಅಷ್ಟರಲ್ಲಿ ಕಿಂಡಿಯಿಂದ ಅವಳ ತೋಳು ನನ್ನ ಪಕ್ಕೆ ಸವರಿ ಹೋಗಿ
ಅವನ ಮುಂಗೈ ಹಿಡಿದೆಳೆದು
ಬೆಳಿಗ್ಗೆ ಕಡೆದ ವೆನಿಲ್ಲಾದೊಳಗೆ ಮೊಣಕೈವರೆಗೂ ಹುಗಿಯಿತು.
ಕೊಬ್ಬು, ಹಿಟ್ಟು, ಮೀನಿನ ಚೂರು, ಎಲ್ಲ ಸಮೇತ.

ಸಾಲು ಸ್ತಬ್ಧ.
ಒಬ್ಬ ಪೋರ ಮಾತ್ರ: "ನಮಗೂ ಅದರಿಂದಲೇ ಕೊಡ್ತೀರಾ?"

ಅವಳು ಬೈದಳು. ಇಟಾಲಿಯನ್ನಿನಲ್ಲಿ,
ಹನ್ನೊಂದು ವರ್ಷದ್ದನ್ನೂ, ಉಸಿರು ಬಿಡದೆ.
ಅವನು "ಸೀ, ಸೀ" ಅನ್ನುತ್ತಿದ್ದ.
ನನಗೊಂದು ಅಕ್ಷರ ತಿಳಿಯಲಿಲ್ಲ.
ಯಾರೂ "ಹೇಳು" ಅನ್ನಲಿಲ್ಲ.
ನಡುವೆ ಸಿಕ್ಕಿಕೊಂಡು ನಿಂತಿದ್ದೆ,
ಕೈಯಲ್ಲಿ ಯಾರದೋ ಫಿಶ್ ಸಪ್ಪರ್ ತಣ್ಣಗಾಗುತ್ತಿತ್ತು.

ರಾತ್ರಿ ಲೆಕ್ಕದ ಪುಸ್ತಕದಲ್ಲಿ ಅವಳು ಬರೆದದ್ದು:
ವೆನಿಲ್ಲಾ, ಹತ್ತು ಲೀಟರ್, ಹಾಳು. ಬಾಕಿ ಅಣ್ಣನಿಂದ.

ಮುಂದಿನ ಶನಿವಾರ ಎಂದಿನಂತೆ ಕಿಂಡಿ.
"ಅವಳಿಗೆ ಹೇಳು, ಹತ್ತಲ್ಲ, ಎಂಟು ಲೀಟರ್."
"ಅವನಿಗೆ ಹೇಳು," ಎಂದು ಅವಳು ಕೋನಿನ ಮೇಲೆ ಉಂಡೆ ಕೂರಿಸುತ್ತ,
"ಬ್ಯಾಂಡೇಜು ಒದ್ದೆ ಮಾಡಿಕೊಳ್ಳಬೇಡ."

ಅದನ್ನು ತಿದ್ದಲಿಲ್ಲ.
ಹಾಗೇ ದಾಟಿಸಿದೆ.